ಹದಿನಾಲ್ಕನೇ ತುಣುಕು

ಬಿಳಿ ತೆರೆಯ ಮೇಲೆ ಬರೆದಿಟ್ಟ ಮಾತಿನ ಎರಡನೇ ತುಣುಕು ಮೂಡಿತು. ಇನ್ನು ಹನ್ನೆರಡು, ಎಂದು ಮರಿ ಮನಸ್ಸಿನಲ್ಲೇ ಎಣಿಸಿಕೊಂಡಳು. ಆಸ್ಪತ್ರೆಯ ನೆಲಮಹಡಿಯ ಸಭಾಂಗಣಕ್ಕೆ ಹಳದಿ ಕರ್ಟನ್ನುಗಳನ್ನು ಎಳೆದು ಕತ್ತಲು ಮಾಡಿದ್ದರು. ಒಂದು ಕರ್ಟನ್ನಿಗೆ ಮಾತ್ರ ಅಗಲ ಸಾಲದೆ, ಆ ಸಂದಿನಿಂದ ನುಸುಳಿದ ಮಧ್ಯಾಹ್ನದ ಬಿಸಿಲು ಉದ್ದನೆಯ ಪಟ್ಟಿಯಾಗಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹಾದು, ಮೂರನೇ ಸಾಲಿನಲ್ಲಿ ಕೂತಿದ್ದ ಅಕ್ಕನ ಕತ್ತಿನ ಮೇಲೆ ಬಿದ್ದಿತ್ತು. ಅಕ್ಕ ಇವತ್ತು ತಲೆಗೂದಲನ್ನು ಎತ್ತಿ ಗಂಟು ಹಾಕಿಕೊಂಡು ಬಂದಿದ್ದಳು. ಕತ್ತು ಬರಿದಾಗಿ ಕಾಣುತ್ತಿತ್ತು. ಅದನ್ನು ನೋಡಬಾರದೆಂದುಕೊಂಡಷ್ಟೂ ಮರಿಯ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವಳಿಗೆ ಇಲ್ಲಿ ಇದ್ದ ಕೆಲಸ ಒಂದೇ. ಹಿಂದಿನ ಗೋಡೆಗೆ ಒತ್ತಿಕೊಂಡು ಪ್ರೊಜೆಕ್ಟರಿನ ಪಕ್ಕ ಕೂತು, ಮೇಡಂ ತಲೆಯಾಡಿಸಿದಾಗ ಗುಂಡಿ ಒತ್ತುವುದು. ಒತ್ತಿದರೆ ಮುಂದಿನ ತುಣುಕು ಬರುತ್ತಿತ್ತು. ಒತ್ತದೇ ಇದ್ದರೆ? ಕರೆಂಟು ಹೋದರೆ? ಯಾರಿಗಾದರೂ ತುರ್ತಾಗಿ ಕರೆ ಬಂದು ಸೂಪರಿಂಟೆಂಡೆಂಟ್ ಎದ್ದು ಹೋದರೆ? ಇದು ಆಸ್ಪತ್ರೆ, ಎಷ್ಟೊಂದು ತುರ್ತು ಇರುತ್ತದೆ. ಇವತ್ತೊಂದು ದಿನ ಯಾವುದೂ ಇರಲಿಲ್ಲ. ಮೇಡಂ ತಲೆಯಾಡಿಸಿದರು. ಮರಿ ಗುಂಡಿ ಒತ್ತಿದಳು.

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಮರಿ ಎಂದೇ, ಇಪ್ಪತ್ತೆರಡು ತುಂಬಿದ ಮೇಲೂ. ಮೇಡಂ ಕೂಡ. ಅಕ್ಕ ಮೊದಲ ದಿನ ಅವಳನ್ನು ಮೇಡಂ ಮುಂದೆ ನಿಲ್ಲಿಸಿ, "ಇವಳು ನಮ್ಮ ಮರಿ. ಮಾತು ಕಮ್ಮಿ, ಆದ್ರೆ ಮೈಯೆಲ್ಲಾ ಕಿವಿ. ಪಕ್ಕದ ಮನೇಲಿ ಯಾರು ಯಾವ ಬಾಗಿಲು ಹಾಕಿದ್ರು ಅಂತ ಹೇಳ್ತಾಳೆ," ಎಂದಿದ್ದಳು. ಮೇಡಂ ನಕ್ಕು, "ನನಗೆ ಬೇಕಾಗಿರೋದು ಅದೇ," ಎಂದಿದ್ದರು. ಅಕ್ಕ ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ವಿಶ್ವವಿದ್ಯಾಲಯದಿಂದ ಬಂದ ಮೇಡಂ ಆ ಕಿಟಕಿಯ ಕಟ್ಟೆಯ ಮೇಲೆ ಮೂರು ತಿಂಗಳು ಒಂದು ರೆಕಾರ್ಡರ್ ಇಟ್ಟಿದ್ದರು. ಬಂದವರಿಗೆಲ್ಲ ತಿಳಿಯುವಂತೆ ಗಾಜಿಗೆ ಚೀಟಿ ಅಂಟಿಸಿ, ಸಹಿ ಹಾಕಿಸಿಕೊಂಡು. ಜನ ಹೇಗೆ ಕೇಳುತ್ತಾರೆ, ಕಿಟಕಿ ಹೇಗೆ ಹೇಳುತ್ತದೆ, ನಡುವೆ ಏನು ನಡೆಯುತ್ತದೆ. ಸಂಕಥನ ವಿಶ್ಲೇಷಣೆ ಎಂದು ಅದಕ್ಕೆ ಹೆಸರು. ಮರಿ ಆ ಎರಡು ಶಬ್ದಗಳನ್ನು ಮನೆಯಲ್ಲಿ ಪಾತ್ರೆ ತೊಳೆಯುತ್ತ ಹತ್ತಾರು ಸಲ ಹೇಳಿ ನಾಲಿಗೆಗೆ ಅಭ್ಯಾಸ ಮಾಡಿಕೊಂಡಿದ್ದಳು. ಯಾರಾದರೂ ಕೇಳಿದರೆ ಇರಲಿ ಎಂದು. ಯಾರೂ ಕೇಳಿರಲಿಲ್ಲ. "ಜನ ಏನು ಹೇಳಿದ್ರು ಅನ್ನೋದು ಅರ್ಧ, ಮರಿ," ಎಂದು ಮೇಡಂ ಹೇಳಿಕೊಟ್ಟಿದ್ದರು. "ಹೇಳೋದ್ರಿಂದ ಏನು ಮಾಡಿದ್ರು, ಅದು ಇನ್ನರ್ಧ. ತಡೆದ್ರಾ, ಬಾಗಿಲು ತೆಗೆದ್ರಾ, ಸಾಗಹಾಕಿದ್ರಾ. ಅದು ಶಬ್ದದಲ್ಲಿ ಇರಲ್ಲ. ಯಾವಾಗ ಸುಮ್ಮನಾದ್ರು, ಯಾವಾಗ ಮಾತಿನ ಮೇಲೆ ಮಾತು ಹಾಕಿದ್ರು, ಎಲ್ಲಿ ಉಸಿರು ತಗೊಂಡ್ರು, ಅಲ್ಲಿರುತ್ತೆ. ನೀನು ಬರೀ ಕೇಳಿಸಿದ್ದನ್ನ ಬರಿ. ನಿನ್ನದು ಏನೂ ಸೇರಿಸ್ಬೇಡ, ಏನೂ ಬಿಡ್ಬೇಡ."

ಅವಳ ಕೋಣೆ ಹಳೆಯ ಎಕ್ಸ್‌ರೇ ಫಿಲಂ ಇಡುತ್ತಿದ್ದ ಉಗ್ರಾಣ. ಕಿಟಕಿಯಿಲ್ಲದ, ಗೋಡೆಗೆ ಇನ್ನೂ ಔಷಧದ ಹುಳಿ ವಾಸನೆ ಅಂಟಿಕೊಂಡ ಜಾಗ. ಒಂದು ಮೇಜು, ಒಂದು ಕಂಪ್ಯೂಟರು, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು, ಕಾಲಡಿಗೆ ಹೊಲಿಗೆ ಯಂತ್ರದ್ದರಂಥ ಒಂದು ಪೆಡಲು. ಪೆಡಲು ಒತ್ತಿದರೆ ಮಾತು ಓಡುತ್ತಿತ್ತು, ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ ಬರುತ್ತಿತ್ತು. ಕಿಟಕಿಯವರ ಮಾತಿಗೆ "ಕಿ" ಎಂದೂ ಬಂದವರ ಮಾತಿಗೆ "ಬಂ" ಎಂದೂ ಬರೆಯಬೇಕು. ಹೆಸರು ಬರೆಯಕೂಡದು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು ಬಿದ್ದರೆ ಚೌಕ ಕಂಸ. ಮೌನವಾದರೆ ದುಂಡು ಕಂಸದೊಳಗೆ ಎಷ್ಟು ಸೆಕೆಂಡು, ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ. ಮೊದಲ ವಾರ ಅವಳಿಗೆ ಇದು ತಮಾಷೆಯಾಗಿ ಕಂಡಿತ್ತು. ಮೌನವನ್ನು ಯಾರಾದರೂ ಅಳೆಯುತ್ತಾರೆಯೇ? ಆಮೇಲೆ ನೆನಪಾಯಿತು, ಅಳೆದಿದ್ದರು. ಒಂಬತ್ತನೇ ತರಗತಿಯಲ್ಲಿ ಗಟ್ಟಿಯಾಗಿ ಪಾಠ ಓದು ಎಂದು ಎಬ್ಬಿಸಿ ನಿಲ್ಲಿಸಿದ ಮಾಸ್ತರು, ಅವಳ ಬಾಯಿಂದ ಏನೂ ಹೊರಡದೆ ಇದ್ದಾಗ, ಬೆರಳು ಮಡಚುತ್ತ ಎಣಿಸಿದ್ದರು. ಒಂದೂ, ಎರಡೂ, ಮೂರೂ. ಆಮೇಲೆ ತರಗತಿಯೇ ಎಣಿಸತೊಡಗಿತ್ತು. ಪುಸ್ತಕದ ಅಕ್ಷರ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಮನಸ್ಸಿನಲ್ಲಿ ಓದಿಯೂ ಆಗಿತ್ತು. ನಾಲಿಗೆ ಮಾತ್ರ ಬೇರೆ ಯಾರದೋ ಬಾಯಲ್ಲಿದ್ದಂತೆ ಬಿದ್ದುಕೊಂಡಿತ್ತು. ಇಪ್ಪತ್ತೇಳರವರೆಗೆ ಹೋಗಿತ್ತು ಎಣಿಕೆ. ಮಾರನೇ ದಿನ ಹೊಟ್ಟೆನೋವು ಎಂದಳು, ಅದರ ಮಾರನೇ ದಿನವೂ ಎಂದಳು, ಮೂರನೇ ವಾರ ಅಕ್ಕ ಶಾಲೆಗೆ ಹೋಗಿ ಜಗಳವಾಡಿ ಬಂದಳು, ಆದರೂ ಮರಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಂದಿನಿಂದ ಅವಳ ಪರವಾಗಿ ಮಾತಾಡುವವಳು ಅಕ್ಕನೇ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಹುಡುಗನ ಕಡೆಯವರು ನೋಡಲು ಬಂದಾಗ ಕೂಡ. "ಅವಳಿಗೆ ಹಸಿವಿಲ್ಲ." "ಅವಳಿಗೆ ಈ ಬಣ್ಣ ಇಷ್ಟ ಇಲ್ಲ." ಎಷ್ಟೋ ಸಲ ಅಕ್ಕ ಹೇಳಿದ ಮೇಲೆಯೇ ಮರಿಗೆ ತನಗೆ ಹಸಿವಿಲ್ಲವೆಂದು ಗೊತ್ತಾಗುತ್ತಿತ್ತು.

ಐದನೇ ತುಣುಕಿಗೆ ಸಭೆಯಲ್ಲಿ ನಗು ಎದ್ದಿತು. ಯಾರೋ ಮುದುಕ ಕಿಟಕಿಗೆ ಬಂದು ತನ್ನ ಹಲ್ಲಿನ ಸೆಟ್ಟು ಯಾವ ವಾರ್ಡಿನಲ್ಲಿದೆ ಎಂದು ಕೇಳಿದ್ದ. "ಅದನ್ನ ಅಡ್ಮಿಟ್ ಮಾಡ್ಕೊಂಡಿಲ್ಲ ತಾತ," ಎಂದಿದ್ದಳು ಕಿಟಕಿಯ ಕಿ. ಔಷಧದ ಕೌಂಟರಿನವನು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಅಕ್ಕನ ಕಡೆ ಹುಬ್ಬು ಹಾರಿಸಿದ. ಹೆಸರಿಲ್ಲದಿದ್ದರೇನು, ಕಿ ಯಾರೆಂದು ಇಲ್ಲಿ ಕೂತ ನಲವತ್ತು ಜನಕ್ಕೂ ಗೊತ್ತಿತ್ತು. ಮೇಡಂ ಕೂಡ ನಕ್ಕರು. ನಕ್ಕು, ತಟ್ಟನೆ ಮರಿಯ ಕಡೆ ಕೈ ತೋರಿಸಿ, "ಇದನ್ನೆಲ್ಲ ಬರೆದವಳು ಅಗೋ ಅಲ್ಲಿ ಕೂತಿದ್ದಾಳೆ. ನೂರ ಹತ್ತು ಗಂಟೆ ಮಾತು. ನಾನು ಹತ್ತರಲ್ಲಿ ಒಂದನ್ನ ತೆಗೆದು ಪರೀಕ್ಷೆ ಮಾಡ್ತೀನಿ, ಒಂದು ಉಸಿರೂ ತಪ್ಪಿಲ್ಲ. ಎದ್ದು ನಿಲ್ಲು ಮರಿ," ಎಂದರು. ಮರಿ ಎದ್ದಳು. ಎಲ್ಲ ಮುಖಗಳೂ ತಿರುಗಿದವು, ಅಕ್ಕನ ಮುಖವೂ. ಅಕ್ಕನ ಮುಖದಲ್ಲಿ ಹೆಮ್ಮೆ ಇತ್ತು. ಹಿಂದಿನ ಸಾಲಿನ ನರ್ಸ್ ಒಬ್ಬಳು, "ಏನಾದ್ರೂ ಹೇಳಮ್ಮಾ," ಎಂದಳು. "ಅವಳು ಹೇಳಲ್ಲ ಬಿಡಿ, ನಾವು ಹೇಳಿದ್ದನ್ನ ಬರ್ಕೋತಾಳೆ," ಎಂದಳು ಅಕ್ಕ, ಎಂದಿನಂತೆ. ಮತ್ತೆ ನಗು. ಮರಿ ಕೂತಳು. ಹೇಳಬಹುದಾಗಿತ್ತು. ಒಂದು ಉಸಿರು ತಪ್ಪಿದೆ ಎಂದು, ಈಗಲೇ, ಎದ್ದು ನಿಂತಾಗಲೇ ಹೇಳಿಬಿಡಬಹುದಾಗಿತ್ತು.

ರೆಕಾರ್ಡರ್ ಇನ್ನೂ ಕಿಟಕಿಯಲ್ಲಿದ್ದ ದಿನಗಳ ಒಂದು ಸಂಜೆ ಅಕ್ಕ ಕೆಲಸದಿಂದ ಬಂದವಳು ಚಪ್ಪಲಿ ಬಿಡದೆ ಹೊಸ್ತಿಲ ಮೇಲೇ ಕೂತುಬಿಟ್ಟಿದ್ದಳು. ಮರಿ ನೀರು ತಂದುಕೊಟ್ಟಳು. ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿಯದೆ ಹೇಳಿದ್ದಳು. "ಒಬ್ಬರು ಬಂದಿದ್ರು ಕಣೇ ಬೆಳಿಗ್ಗೆ. ಇವತ್ತು ಮನೆಗೆ ಕಳಿಸ್ತಾರಂತೆ, ಅವರಿಗೆ ಶರ್ಟ್ ತಂದಿದೀನಿ ಅಂದ್ರು. ಇಸ್ತ್ರಿ ಮಾಡಿದ ಶರ್ಟು. ತೀರಿಕೊಂಡವರ ಪಟ್ಟಿ ಆರು ಗಂಟೆಗೇ ಬಂದಿತ್ತು. ನನ್ನ ಮುಂದೇ ಇತ್ತು, ಕೈಯಡೀಲಿ. ಅವರ ಯಜಮಾನರ ಹೆಸರು ಎರಡನೇದು." ಕಿಟಕಿಯ ಗಾಜಿನ ಒಳಬದಿಗೆ ಒಂದು ನಿಯಮ ಅಂಟಿಸಿದ್ದರು: ಸಾವಿನ ಸುದ್ದಿ ಕಿಟಕಿಯಿಂದ ಹೋಗಕೂಡದು, ಮಾತಿನಿಂದಲೂ ಮುಖಭಾವದಿಂದಲೂ, ವೈದ್ಯರೇ ತಿಳಿಸತಕ್ಕದ್ದು. ಅಕ್ಕನ ಕೆಲಸ ಪ್ರತಿವರ್ಷ ಮುಂದುವರಿಸುವ ಒಂದು ಕಾಗದದ ಮೇಲೆ ನಿಂತದ್ದು. ಹೋದ ವರ್ಷ ಪಕ್ಕದ ಕಿಟಕಿಯವಳು ಯಾರಿಗೋ "ಅಯ್ಯೋ" ಎಂದುಬಿಟ್ಟಿದ್ದಕ್ಕೆ ಆ ಕಾಗದ ಬಂದಿರಲಿಲ್ಲ. "ಚೆನ್ನಾಗಿದ್ದಾರಲ್ವಾ ಅಂತ ಕೇಳಿದ್ರು," ಎಂದಳು ಅಕ್ಕ. "ಬಾಯೇ ಬರ್ಲಿಲ್ಲ ಕಣೇ. ಸುಮ್ನೆ ಅವರ ಮುಖಾನೇ ನೋಡ್ತಾ ಕೂತುಬಿಟ್ಟೆ. ಎಷ್ಟೋ ಹೊತ್ತು. ಅವರೂ ನನ್ನನ್ನೇ ನೋಡಿದ್ರು. ಬ್ಯಾಗ್ ಎದೆಗೆ ಒತ್ತಿಕೊಂಡ್ರು. ಅವರಿಗೆ ಅರ್ಥ ಆಯ್ತು ಅನ್ಸುತ್ತೆ. ಅಷ್ಟಾದ್ರೂ ಆಯ್ತಲ್ಲ. ಒಬ್ಬರ ಜೊತೆ ಕೂತು ಅರ್ಥ ಮಾಡಿಕೊಂಡ ಹಾಗೆ." ಆಮೇಲೆ ನೀರು ಕುಡಿದು ಎದ್ದು ಒಳಗೆ ಹೋದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಅವಳು ಅದನ್ನು ಎಲ್ಲೋ ಜೋಪಾನವಾಗಿ ಇಟ್ಟುಕೊಂಡಿದ್ದಾಳೆಂದು ಮರಿಗೆ ಗೊತ್ತಿತ್ತು. ಕೆಲವು ಸಂಜೆ ಅಕ್ಕ ಕೆಲಸ ನಿಲ್ಲಿಸಿ ಸುಮ್ಮನೆ ನಿಲ್ಲುತ್ತಿದ್ದಳು, ಮಡಿಸಿದ ಬಟ್ಟೆ ಕೈಯಲ್ಲೇ ಇರುತ್ತಿತ್ತು.

ಮೂರು ವಾರದ ನಂತರ ಆ ಬೆಳಗು ಮರಿಯ ಕಿವಿಗೆ ಬಂದಿತು. ಕಿವಿ ಮುಚ್ಚುವ ಹೆಡ್‌ಫೋನಿನೊಳಗೆ ಅಕ್ಕ ತೀರ ಹತ್ತಿರವಿದ್ದಳು, ಮನೆಯಲ್ಲಿ ಪಕ್ಕದಲ್ಲಿ ಮಲಗಿದಾಗಲೂ ಇಲ್ಲದಷ್ಟು. ಹೆಂಗಸಿನ ದನಿ ಲವಲವಿಕೆಯಿಂದಿತ್ತು. ಶರ್ಟಿನ ಮಾತು ಬಂತು. ಚೆನ್ನಾಗಿದ್ದಾರಲ್ವಾ ಅವರು? ಆಮೇಲೆ ಫ್ಯಾನಿನ ಸದ್ದು. ದೂರದಲ್ಲಿ ಒಂದು ಟ್ರಾಲಿಯ ಚಕ್ರ. ಪೆನ್ನಿನ ಮುಚ್ಚಳ ಒಮ್ಮೆ ಟಿಕ್ ಎಂದಿತು. ಮತ್ತೆ, ಮರಿಯ ಕಿವಿಗಲ್ಲದೆ ಇನ್ನಾರ ಕಿವಿಗೂ ಬೀಳದಂತಹದೊಂದು: ಮಾತಾಡಲೆಂದು ಅಕ್ಕ ಒಳಗೆಳೆದುಕೊಂಡ ಉಸಿರು, ಮತ್ತು ಮಾತಾಗದೆ ಅದು ಅಲ್ಲೇ ನಿಂತದ್ದು. ಕಡೆಗೆ ಅಕ್ಕನ ದನಿ: ಮೂರನೇ ಮಹಡಿಗೆ ಹೋಗಿ, ಅಲ್ಲಿ ಡಾಕ್ಟರ್ ಇರ್ತಾರೆ. ಮರಿ ಹಿಮ್ಮಡಿ ಒತ್ತಿದಳು, ಮತ್ತೆ ಕೇಳಿದಳು, ಅಳೆದಳು. ನಾಲ್ಕು ಪಾಯಿಂಟ್ ಎರಡು. ಬರೆದಳು. ಬರೆದ ಮೇಲೆ ಅದು ಪರದೆಯ ಮೇಲೆ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ಸುತ್ತಲಿನ ಮಾತೆಲ್ಲ ಅದಕ್ಕೆ ಬೇಲಿ ಕಟ್ಟಿದಂತಿತ್ತು. ಮೇಡಂ ಪರೀಕ್ಷಿಸಿ ಕಳಿಸಿದ ಹಳೆಯ ಹಾಳೆ ಮೇಜಿನ ಮೇಲಿತ್ತು. ಅದರಲ್ಲಿ ಒಂದೂವರೆ ಸೆಕೆಂಡಿನ ಒಂದು ಮೌನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ, "ಇಲ್ಲಿ ಕಿ ಏನನ್ನೋ ಮುಚ್ಚಿಡುತ್ತಿದ್ದಾರೆ," ಎಂದು ಬರೆದಿತ್ತು. ಒಂದೂವರೆಗೆ ಇಷ್ಟು ಕೆಂಪಾದರೆ ನಾಲ್ಕೂ ಚಿಲ್ಲರೆಗೆ? ಹಾಳೆ ಸೂಪರಿಂಟೆಂಡೆಂಟರ ಮೇಜಿಗೂ ಹೋಗುತ್ತದೆ. ಮಾತಿನಿಂದಲೂ ಮುಖಭಾವದಿಂದಲೂ, ಎಂದಿದೆ ನಿಯಮ. ಎಲ್ಲರೂ ಸೇರಿ ಬೆರಳು ಮಡಚಿ ಎಣಿಸುತ್ತಾರೆ. ತಾನು ನಿಂತಂತೆಯೇ ಅಕ್ಕ ನಿಲ್ಲುತ್ತಾಳೆ. ಹೀಗೆಲ್ಲ ಅವಳು ಯೋಚಿಸಿದಳೋ, ಅಥವಾ ಬೆರಳು ಮೊದಲು ಹೋಗಿ ಯೋಚನೆ ಆಮೇಲೆ ಬಂತೋ, ಈಗ ಹೇಳಲಾರಳು. ನಾಲ್ಕು ಪಾಯಿಂಟ್ ಎರಡು ಅಳಿಸಿ ಹೋಗಿತ್ತು. ಆ ಜಾಗದಲ್ಲಿ ಸೊನ್ನೆ ಪಾಯಿಂಟ್ ಮೂರು ಇತ್ತು, ರೆಪ್ಪೆ ಬಡಿಯುವಷ್ಟು ಹೊತ್ತು. ಉಸಿರಿನ ಗುರುತನ್ನೂ ತೆಗೆದಳು. ಅಂದು ಮನೆಗೆ ಹೋಗುವಾಗ ಹಗುರವಾಗಿ ನಡೆದಿದ್ದಳು. ಬದುಕಿನಲ್ಲಿ ಮೊದಲ ಸಲ ಅಕ್ಕನ ಪರವಾಗಿ ತಾನು ಮಾತಾಡಿದ ಹಾಗೆ ಅನ್ನಿಸಿತ್ತು.

ಹನ್ನೆರಡು. ಹದಿಮೂರು. ಬಿಸಿಲಿನ ಪಟ್ಟಿ ಅಕ್ಕನ ಕತ್ತಿನಿಂದ ಜಾರಿ ಪಕ್ಕದವಳ ತೋಳಿಗೆ ಹೋಗಿತ್ತು. ಮುಂದಿನ ಸಾಲಿನಲ್ಲಿ ಸೂಪರಿಂಟೆಂಡೆಂಟ್ ಗಡಿಯಾರ ನೋಡಿಕೊಂಡರು. ಅವರು ಎದ್ದು ಹೋಗಲಿ ಎಂದು ಮರಿ ಹಾರೈಸಿದಳು. ಅವರು ಕಾಲ ಮೇಲೆ ಕಾಲು ಹಾಕಿ ಇನ್ನೂ ಆರಾಮಾಗಿ ಕೂತರು. ಮೇಡಂ ತಲೆಯಾಡಿಸಿದರು. ಮರಿಯ ಬೆರಳು ಗುಂಡಿಯ ಮೇಲೆ ನಿಂತೇ ಇತ್ತು. ಮೇಡಂ ಇನ್ನೊಮ್ಮೆ ತಲೆಯಾಡಿಸಿ, "ಮರಿ," ಎಂದರು. ಒತ್ತಿದಳು.

ಬಂ: ಚೆನ್ನಾಗಿದ್ದಾರಲ್ವಾ ಅವರು
(0.3)
ಕಿ: ಮೂರನೇ ಮಹಡಿಗೆ ಹೋಗಿ. ಅಲ್ಲಿ ಡಾಕ್ಟರ್ ಇರ್ತಾರೆ.

"ಇದು ನನ್ನನ್ನ ತುಂಬಾ ದಿನ ಕಾಡಿದ ತುಣುಕು," ಎಂದರು ಮೇಡಂ. ಅವರು ಕೆಟ್ಟವರಲ್ಲ. ದನಿ ಮೆತ್ತಗಿತ್ತು. "ಬಂದವರ ಯಜಮಾನರು ಆವತ್ತು ಬೆಳಿಗ್ಗೆಯೇ ತೀರಿಕೊಂಡಿದ್ರು. ಕಿಟಕಿಗೆ ಅದು ಗೊತ್ತಿತ್ತು. ಸಾಮಾನ್ಯವಾಗಿ ಕೆಟ್ಟ ಉತ್ತರ ಕೊಡಬೇಕಾದಾಗ ಜನ ತಡೀತಾರೆ. ಅಂ ಅಂತಾರೆ, ಉಸಿರು ತಗೋತಾರೆ, ಕಾಯ್ತಾರೆ. ಆ ತಡೆಯೇ ನಮ್ಮೊಳಗೆ ಏನೋ ಆಗ್ತಿದೆ ಅನ್ನೋದಕ್ಕೆ ಗುರುತು. ಇಲ್ಲಿ ನೋಡಿ, ತಡೆಯೇ ಇಲ್ಲ. ಪ್ರಶ್ನೆ ಮುಗಿಯೋ ಅಷ್ಟರಲ್ಲಿ ಉತ್ತರ ಸಿದ್ಧವಾಗಿದೆ. ಇಷ್ಟು ತಟ್ಟನೆ ಬರೋ ಉತ್ತರ ಯಾವತ್ತೂ ಮೊದಲೇ ತಯಾರಾದ ಉತ್ತರ. ನಾನು ಕಿಟಕಿಯಲ್ಲಿ ಕೂತವರನ್ನ ದೂರ್ತಿಲ್ಲ. ಒಂದು ಜಾಗ ಒಬ್ಬ ಮನುಷ್ಯನ ಬಾಯನ್ನ ಎಷ್ಟರಮಟ್ಟಿಗೆ ಪಳಗಿಸಬಹುದು ಅಂತ ತೋರಿಸ್ತಿದೀನಿ. ಇಲ್ಲಿ ಮಾತಾಡಿದ್ದು ಅವರಲ್ಲ. ಕಿಟಕಿ." ಯಾರೋ ನಾಲಿಗೆಯಲ್ಲಿ ಚ್ ಎಂದರು. ಮುಂದಿನವರು ಕತ್ತನ್ನು ಅರ್ಧ ಮಾತ್ರ ಹೊರಳಿಸಿ ಅಕ್ಕನನ್ನು ನೋಡಲು ಯತ್ನಿಸಿದ್ದು ಹಿಂದೆ ಕೂತ ಮರಿಗೆ ಗೊತ್ತಾಯಿತು. ಅಕ್ಕನ ಕತ್ತು ಅಲ್ಲಾಡಲಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳೇನೋ, ಭುಜ ಸ್ವಲ್ಪ ಒಳಗೆ ಬಾಗಿತ್ತು. ಅವಳು ತೆರೆಯ ಮೇಲಿನ ಆ ಸಣ್ಣ ಕಂಸವನ್ನೇ ನೋಡುತ್ತಿದ್ದಳು. ಓದಿದ್ದನ್ನೇ ಮತ್ತೆ ಮತ್ತೆ ಓದುವವರ ತಲೆ ಹೇಗೆ ಸೂಕ್ಷ್ಮವಾಗಿ ಎಡಕ್ಕೆ ಬಂದು ಬಲಕ್ಕೆ ಹೋಗುತ್ತದೋ ಹಾಗೆ ಅವಳ ತಲೆ ಹೋಗಿ ಬರುತ್ತಿತ್ತು.

ಆಗ ಸೂಪರಿಂಟೆಂಡೆಂಟ್ ಗಂಟಲು ಸರಿಮಾಡಿಕೊಂಡು ಎದ್ದರು. "ಕ್ಷಮಿಸಿ ಮೇಡಂ, ನೀವು ಓದಿದವರು, ನಿಮ್ಮ ಕಣ್ಣಿಗೆ ಬೇರೆ ಕಾಣಬಹುದು. ನಂಗೆ ಕಾಣೋದು ಒಳ್ಳೆ ಕೆಲಸ. ನಿಯಮ ಅಂದ್ರೆ ಹೀಗಿರಬೇಕು. ಒಂದು ಚೂರೂ ಸುಳಿವು ಕೊಟ್ಟಿಲ್ಲ, ಅಳುಕಿಲ್ಲ. ಈ ಹಾಳೇನ ದೊಡ್ಡದು ಮಾಡ್ಸಿ ಎಲ್ಲಾ ಕಿಟಕೀಲೂ ಒಳಗಡೆ ಅಂಟಿಸ್ರಪ್ಪಾ. ಹೊಸಬರು ನೋಡಿ ಕಲೀಲಿ. ಒಂದು ಚಪ್ಪಾಳೆ ಕೊಡಿ ನಮ್ಮ ಕಿಟಕಿಗೆ." ಮೊದಲು ಔಷಧದ ಕೌಂಟರಿನವನು ತಟ್ಟಿದ. ಆಮೇಲೆ ಎಲ್ಲರೂ. ಅಕ್ಕ ಎದ್ದು ನಿಂತಳು, ಎದ್ದು ನಿಲ್ಲಬೇಕಾಗಿತ್ತು ಅದಕ್ಕೆ. ಯಾವ ಕಡೆ ನೋಡಬೇಕೆಂದು ತಿಳಿಯದೆ ನೆಲ ನೋಡಿ ಕೈ ಮುಗಿದಳು. ಮರಿ ಬಯಸಿದ್ದು ಇದನ್ನೇ. ಅಕ್ಕನ ಕೆಲಸ ಉಳಿದಿತ್ತು. ಮುಂದಿನ ವರ್ಷದ ಕಾಗದ ಬಂದಂತೆಯೇ ಲೆಕ್ಕ.

ಚಹಾದ ಹೊತ್ತಿನಲ್ಲಿ ಮರಿ ವೈರು ಸುತ್ತುವ ನೆಪದಲ್ಲಿ ಹಿಂದೆಯೇ ಉಳಿದಳು. ಅಕ್ಕನ ಸುತ್ತ ನಾಲ್ಕೈದು ಜನ. "ನಿನ್ನ ಎದೆ ಕಲ್ಲು ಬಿಡಮ್ಮಾ," ಎಂದಳು ಮರಿಗೆ ಏನಾದರೂ ಹೇಳೆಂದಿದ್ದ ಅದೇ ನರ್ಸ್, ಮೆಚ್ಚುಗೆಯೋ ಏನೋ. "ನಾನಾಗಿದ್ರೆ ಗೊಳೋ ಅಂತಿದ್ದೆ." ಔಷಧದವನು ಬಿಸ್ಕತ್ತು ಅದ್ದುತ್ತ, "ಇನ್ಮೇಲೆ ಇವರನ್ನ ಏನಾದ್ರೂ ಕೇಳೋವಾಗ ಹುಷಾರು, ಕೇಳೋಕೆ ಮುಂಚೇನೇ ಮೂರನೇ ಮಹಡಿಗೆ ಕಳಿಸಿರ್ತಾರೆ," ಎಂದ. ಅಕ್ಕ ನಕ್ಕಳು. ಆ ನಗುವನ್ನು ಮರಿ ನೂರು ಗಂಟೆ ಕೇಳಿದ್ದಳು; ಅದು ಕಿಟಕಿಯ ನಗು. ಜನ ಖಾಲಿಯಾದ ಮೇಲೆ ಅಕ್ಕ ಹತ್ತಿರ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತಳು. ಚಹಾ ಕಪ್ಪು ಹಾಗೇ ತುಂಬಿತ್ತು.

"ಮರೀ."

"ಹ್ಞೂಂ."

"ನಾನು ಅಷ್ಟು ಬೇಗ ಹೇಳಿಬಿಟ್ನಾ?"

ಮರಿ ವೈರನ್ನು ಇನ್ನೊಂದು ಸುತ್ತು ಸುತ್ತಿದಳು.

"ಅಲ್ಲ, ನಾನು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ ಅಂದ್ಕೊಂಡಿದ್ದೆ ಕಣೇ. ನಿನಗೂ ಹಂಗೇ ಹೇಳಿದ್ನಲ್ವಾ? ನಂಗೆ ಅವರ ಕಣ್ಣು ಕೂಡ ನೆನಪಿದೆ. ಮಷೀನು ಸುಳ್ಳು ಹೇಳುತ್ತಾ? ಹೇಳಲ್ಲ. ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಮನಸ್ಸು ಹಂಗೆ, ತನಗೆ ಬೇಕಾದ್ದನ್ನ ತುಂಬಿಕೊಳ್ಳುತ್ತೆ." ಕಪ್ಪನ್ನು ಕುರ್ಚಿಯ ಮೇಲಿಟ್ಟಳು. "ಪಾಪ, ಶರ್ಟ್ ತಂದಿದ್ರು. ಮೂರನೇ ಮಹಡಿಗೆ ಹೋಗಿ ಅಂದುಬಿಟ್ನಾ, ಮಾತು ಮುಗಿಯೋಕೂ ಬಿಡದೆ."

ಮರಿ ಅಕ್ಕನ ಮಣಿಕಟ್ಟು ಹಿಡಿದಳು. ಹಾಗೆ ಹಿಡಿಯುತ್ತಿದ್ದುದು ಚಿಕ್ಕಂದಿನಲ್ಲಿ, ರಸ್ತೆ ದಾಟುವಾಗ. "ಬಾ," ಎಂದಳು. ಕಾರಿಡಾರಿನಲ್ಲಿ ಯಾರೋ ನೆಲ ಒರೆಸುತ್ತಿದ್ದರು. ಒದ್ದೆಯ ಮೇಲೆ ಇಬ್ಬರ ಚಪ್ಪಲಿಯ ಗುರುತು ಬಿದ್ದುದಕ್ಕೆ ಅವರು ಗೊಣಗಿದ್ದು ಕೇಳಿಸಿತು. ಎಕ್ಸ್‌ರೇ ಉಗ್ರಾಣದ ದೀಪ ಹಾಕಿ, ಅಕ್ಕನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟಳು. ಕೂದಲ ಗಂಟಿಗೆ ತಾಗಿ ಅದು ಸರಿಯಾಗಿ ಕೂರಲಿಲ್ಲ. ಪಿನ್ನು ಬಿಚ್ಚಿ ಗಂಟು ಸಡಿಲಿಸಿದಳು. ಕಡತ ಹುಡುಕಿ, ಮೇಜಿನ ಪಕ್ಕ ನಿಂತು, ಪೆಡಲನ್ನು ತಾನೇ ಒತ್ತಿದಳು. ಅವಳಿಗೇನೂ ಕೇಳಿಸುತ್ತಿರಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಪರದೆಯ ಮೇಲೆ ದನಿಯ ಗೆರೆ ಎದ್ದು ಬಿದ್ದು ಓಡಿತು, ಶರ್ಟು ಬಂತು, ಚೆನ್ನಾಗಿದ್ದಾರಲ್ವಾ ಬಂತು, ಗೆರೆ ಮಲಗಿತು. ಮಲಗಿದ ಗೆರೆಯ ಮೇಲೆ ಪೆನ್ನಿನ ಮುಚ್ಚಳದ್ದೊಂದು ಮುಳ್ಳು, ಆಮೇಲೆ ಉಸಿರಿನ ಸಣ್ಣ ಉಬ್ಬು. ಅಕ್ಕ ಕಣ್ಣು ಮುಚ್ಚಿದ್ದಳು. ಕುರ್ಚಿಯಲ್ಲಿ ಕೂತ ಅಕ್ಕ ಕೂಡ ಅಲ್ಲಿಗೆ ಸರಿಯಾಗಿ ಉಸಿರು ಎಳೆದುಕೊಂಡಳು. ಗೆರೆ ಮತ್ತೆ ಎದ್ದಿತು. ಮರಿ ಕಾಲು ತೆಗೆದಳು.

"ಇನ್ನೊಂದ್ಸಲ," ಎಂದಳು ಅಕ್ಕ. ಕಿವಿ ಮುಚ್ಚಿದ್ದರಿಂದ ದನಿ ಜೋರಾಗಿತ್ತು.

ಹಿಮ್ಮಡಿ. ಮತ್ತೆ ಗೆರೆ.

ಅಕ್ಕ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡಳು. "ಇಷ್ಟೇನಾ?" ಎಂದಳು.

"ನಾಲ್ಕು ಪಾಯಿಂಟ್ ಎರಡು."

"ಇಷ್ಟೇನಾ ಮರೀ? ನಾನು... ಎಷ್ಟೊಂದು ಹೊತ್ತು ಅಂದ್ಕೊಂಡಿದ್ದೆ." ಕೈಯಿಂದ ಮುಖ ಒರೆಸಿಕೊಂಡಳು, ಅತ್ತಿರಲಿಲ್ಲ. ಆಮೇಲೆ, ಏನೋ ಹೊಳೆದವಳಂತೆ ಪರದೆಯ ಕಡೆ ತಿರುಗಿದಳು. "ಅಲ್ಲಿ ಹಾಳೇಲಿ ಅದೂ ಇರ್ಲಿಲ್ಲ."

"ನಾನೇ ತೆಗ್ದೆ. ನಿನ್ನ ಕೆಲಸ..." ಎಂದಳು ಮರಿ. ಅಷ್ಟು ಸಾಕಾಯಿತು. ಅಕ್ಕ ಎಷ್ಟಾದರೂ ಅವಳ ಅರ್ಧ ಮಾತಿನಿಂದ ಇಡೀ ಮಾತು ಮಾಡಿಕೊಂಡು ಬದುಕಿದವಳು. ಬೈಯುತ್ತಾಳೆಂದು ಕಾದಳು. ಅಕ್ಕ ಬೈಯಲಿಲ್ಲ. ಹೆಡ್‌ಫೋನಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತುತ್ತ, ಬೇರೆ ಯಾರಿಗೋ ಹೇಳುವವಳಂತೆ, "ಆವತ್ತು ನಾನು ಅವರಿಗೆ ಕೊಟ್ಟಿದ್ದು ಅದೊಂದೇ ಕಣೇ. ನಾಲ್ಕೋ ಐದೋ. ಅದನ್ನೂ ಕಿತ್ಕೊಂಡ್ಯಲ್ಲ," ಎಂದಳು.

ಬಾಗಿಲು ತೆರೆಯಿತು. ಮೇಡಂ. ಹೆಗಲಿಗೆ ಚೀಲ, ಕೈಯಲ್ಲಿ ಇವತ್ತು ತೋರಿಸಿದ ತುಣುಕುಗಳ ಕಟ್ಟು. ಅದನ್ನು ಮೇಜಿನ ಮೇಲಿಟ್ಟು ಹೋಗಲೆಂದು ಬಂದವರು ಕುರ್ಚಿಯಲ್ಲಿ ಕೂತ ಅಕ್ಕನನ್ನೂ ಅವಳ ಕತ್ತಿನಲ್ಲಿದ್ದ ಹೆಡ್‌ಫೋನನ್ನೂ ಪರದೆಯನ್ನೂ ನೋಡಿ ನಿಂತರು. ರೆಕಾರ್ಡಿಂಗನ್ನು ಬೇರೆ ಯಾರಿಗೂ ಕೇಳಿಸಕೂಡದೆಂದು ಮರಿ ಮೊದಲ ದಿನವೇ ಸಹಿ ಹಾಕಿಕೊಟ್ಟಿದ್ದಳು. "ಏನಿದು ಮರಿ?" ಎಂದರು. ಮಾಸ್ತರಂತೆ ಅಲ್ಲ. ಆದರೂ ಅವಳು ನಿಂತದ್ದು ಅದೇ ಜಾಗದಲ್ಲಿ, ಒಂಬತ್ತನೇ ತರಗತಿಯ ಅದೇ ಬೆಂಚಿನ ಪಕ್ಕದಲ್ಲಿ. ಎಲ್ಲೋ ಬೆರಳುಗಳು ಮಡಚಿಕೊಳ್ಳತೊಡಗಿದವು. ಒಂದು. ಎರಡು. ಮೂರು. ಮೇಡಂ ಕಾಯುತ್ತಿದ್ದರು, ಕಾಯುವುದು ಅವರಿಗೆ ಗೊತ್ತಿತ್ತು. ನಾಲ್ಕು ದಾಟಿತು. ಅಕ್ಕ ಕುರ್ಚಿಯಿಂದ ಏಳುತ್ತ, ಎಂದಿನಂತೆ ಮುಂದೆ ಬಂದು, "ನಾನೇ ಒತ್ತಾಯ ಮಾಡ್ದೆ ಮೇಡಂ, ಅವಳದೇನೂ..." ಎನ್ನುವಾಗಲೇ ಮರಿಯ ಬಾಯಿಂದ ಮಾತು ಬಿದ್ದಿತು. "ಹದಿನಾಲ್ಕನೇದು ನಾನು ತಿದ್ದಿದೀನಿ. ಅಲ್ಲಿ ನಾಲ್ಕು ಪಾಯಿಂಟ್ ಎರಡಿತ್ತು." ಎರಡು ಮಾತೂ ಒಂದರ ಮೇಲೊಂದು ಬಿದ್ದವು. ಬರೆಯುವುದಾಗಿದ್ದರೆ ಚೌಕ ಕಂಸ ಹಾಕಬೇಕಾಗುತ್ತಿತ್ತು. ಮೇಡಂ ಎರಡನ್ನೂ ಕೇಳಿಸಿಕೊಂಡರು.

ಚೀಲ ಹೆಗಲಿನಲ್ಲಿದ್ದಂತೆಯೇ ಅವರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು. ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ಸಿಟ್ಟು ಬಂದರೆ ಒಳ್ಳೆಯದಿತ್ತು. ಅವರ ಮುಖ ಇದ್ದಕ್ಕಿದ್ದಂತೆ ದಣಿದವರ ಮುಖವಾಗಿತ್ತು. ಅಕ್ಕನನ್ನು ಒಮ್ಮೆ ನೋಡಿದರು. ಆಮೇಲೆ ಮರಿಯ ಕಡೆ ತಿರುಗಿದರು.

"ಇನ್ನೆಷ್ಟು ಕಡೆ?"

"ಇದೊಂದೇ ಮೇಡಂ."

ಅದು ನಿಜ. ನೂರ ಹತ್ತು ಗಂಟೆಯಲ್ಲಿ ಅದೊಂದೇ. ಹೇಳಿ ಮುಗಿದ ಮೇಲೆ ಮರಿಗೆ ಗೊತ್ತಾಯಿತು: ತಡವರಿಸಿರಲಿಲ್ಲ, ಉಸಿರು ತೆಗೆದುಕೊಂಡಿರಲಿಲ್ಲ, ಮೇಡಂ ಅವರ ಪ್ರಶ್ನೆ ಮುಗಿಯುವಷ್ಟರಲ್ಲೇ ಉತ್ತರ ಹೊರಟುಹೋಗಿತ್ತು. ಇಷ್ಟು ವರ್ಷ ಬೇಕೆಂದಾಗ ಹೊರಳದ ನಾಲಿಗೆ ಇವತ್ತು ಒಂದು ರೆಪ್ಪೆ ಬಡಿಯುವಷ್ಟೂ ಸಂದು ಬಿಡದೆ ಹೊರಳಿತ್ತು. ಮೇಡಂ ಅವಳನ್ನೇ ನೋಡುತ್ತಿದ್ದರು. ಮಧ್ಯಾಹ್ನ ತೆರೆಯ ಮುಂದೆ ನಿಂತು ತಟ್ಟನೆ ಬರುವ ಉತ್ತರದ ಬಗ್ಗೆ ಆಡಿದ ತಮ್ಮದೇ ಮಾತು ಅವರಿಗೆ ನೆನಪಾದದ್ದು ಮರಿಗೆ ಅವರ ಕಣ್ಣಿನಲ್ಲೇ ಕಂಡಿತು. ಕಾದು ಹೇಳಬೇಕಿತ್ತು ಎಂದುಕೊಂಡಳು. ಒಂದೆರಡು ಸೆಕೆಂಡು, ಅಷ್ಟೇ. ಅಕ್ಕ ಬಾಯಿ ತೆರೆದು, ಮತ್ತೆ ಮುಚ್ಚಿದಳು.

ಮೇಡಂ ಚೀಲದಿಂದ ಕೆಂಪು ಪೆನ್ನು ತೆಗೆದರು. ಕಟ್ಟಿನ ದಾರ ಬಿಚ್ಚಿ, ಒಂದನೇ ತುಣುಕಿನ ಹಾಳೆಯನ್ನು ಮೇಲಕ್ಕೆ ಎಳೆದುಕೊಂಡು, ಹೆಡ್‌ಫೋನಿಗಾಗಿ ಅಕ್ಕನ ಕಡೆ ಕೈ ಚಾಚಿದರು.